ತಡವಾಗಿ ಕೆತ್ತಿದ ಹೆಸರು

ಆದೋನಿಯಿಂದ ನಮ್ಮೂರಿಗೆ ಬರುವವರು ಪೆದ್ದಹರಿವಾಣಂ ದಾಟಿದ ಮೇಲೆ ಶೇರ್ ಆಟೋದಿಂದ ಇಳಿದು ಸ್ವಲ್ಪ ನಡೆಯಬೇಕು. ಇಳಿಯುವ ಕಡೆಯೇ, ಬೇವಿನ ಮರದ ಪಕ್ಕ, ಸಣ್ಣ ಕಟ್ಟೆಯ ಮೇಲೆ ಒಂದು ಕರಿ ಕಲ್ಲು ನಿಲ್ಲಿಸಿದ್ದಾರೆ. ಊರಿನಿಂದ ಸೈನ್ಯಕ್ಕೆ ಹೋದವರ ಹೆಸರುಗಳು ಅದರ ಮೇಲಿವೆ. ಊರು ದೊಡ್ಡದಲ್ಲ, ಹೆಸರುಗಳೂ ಹೆಚ್ಚಿಲ್ಲ. ಎಲ್ಲಕ್ಕಿಂತ ಕೆಳಗಿರುವುದು ನನ್ನ ಗಂಡನ ಹೆಸರು. ಉಳಿದವರ ಹೆಸರು ಕೆತ್ತಿ ಎಷ್ಟೋ ಕಾಲವಾದ ಮೇಲೆ ಅದು ಬಂತು. ಊರಿಗೆ ಹೊಸದಾಗಿ ಬಂದವರು ಯಾಕೆ ತಡವಾಯಿತೆಂದು ಕೇಳುತ್ತಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ, ಏನೋ ಒಂದು ಹೇಳಿ ಕಳಿಸುತ್ತೇನೆ.

ನಾನು ಸಿರುಗುಪ್ಪ ಕಡೆಯ ಹೆಣ್ಣು. ತವರಿನ ಸುತ್ತ ಕಾಲುವೆ ನೀರು, ಭತ್ತದ ಗದ್ದೆ. ಮದುವೆಯಾಗಿ ಬಂದ ಈ ಊರು ಆಂಧ್ರಕ್ಕೆ ಸೇರಿದ್ದು, ಮನೆಮಾತು ಮಾತ್ರ ಕನ್ನಡ; ಮಳೆ ನಂಬಿದ ಎರೆಭೂಮಿಯದು. ಹತ್ತಿ, ಜೋಳ, ಕಡಲೆ ಬೆಳೆಯುತ್ತಾರೆ, ಕುರಿ ಸಾಕುತ್ತಾರೆ. ಗಂಡನ ಮನೆಯವರು ತಲೆತಲಾಂತರದಿಂದ ಕುರಿ ಕಾಯ್ದವರು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ ಒಬ್ಬಳೇ ಇದ್ದಳು. ಆಕೆಗೆ ಇದ್ದವನೂ ಒಬ್ಬನೇ ಮಗ.

ನಮ್ಮವರು ಕುರಿ ಕಾಯುತ್ತಲೇ ಓದಿದವರು. ಆದೋನಿಯಲ್ಲಿ ಇಂಟರ್, ಅಂದರೆ ಪಿಯುಸಿ ಓದುವಾಗ ಸೈನ್ಯದ ಭರ್ತಿಗೆ ಹೋಗಿ ಓಡಿ ಗೆದ್ದರು. ಹಿಂಡಿನ ಹಿಂದೆ ದಿನಗಟ್ಟಲೆ ನಡೆದ ಕಾಲು, ಮೈದಾನದಲ್ಲಿ ಓಡುವುದು ಆಟದ ಹಾಗಿತ್ತಂತೆ. ರಜೆಗೆ ಬಂದರೆ ಲುಂಗಿ ಉಟ್ಟು, ಆಳಿಗೆ ಬಿಡುವು ಕೊಟ್ಟು, ತಾವೇ ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ಬಂದಿರುವುದೇ ನಾಲ್ಕು ದಿನ, ಅದರಲ್ಲೂ ಅಡವಿ ಪಾಲಾದರೆ ಹೇಗೆ ಎಂದು ನಾನು ಮುಖ ಊದಿಸಿದರೆ, ನೀನೂ ಬಾ ಅನ್ನುತ್ತಿದ್ದರು. ಮಗಳು ಹೊಟ್ಟೆಯಲ್ಲಿದ್ದಾಗ ಒಮ್ಮೆ ಹೋದೆ. ಮಧ್ಯಾಹ್ನ ಜಾಲಿ ಮರದ ನೆರಳಲ್ಲಿ ರೊಟ್ಟಿ, ಗುರೆಳ್ಳು ಪುಡಿ ತಿಂದೆವು. ನನ್ನ ತಲೆಯ ಕೆಳಗೆ ಕಂಬಳಿ ಮಡಚಿ ಇಟ್ಟು ಮಲಗು ಅಂದರು. ನಾನು ಎದ್ದಾಗ ಹೊತ್ತು ಇಳಿದಿತ್ತು. ಅವರು ಕೂತಲ್ಲೇ ಕೂತು, ಕೋಲಿನಿಂದ ಮಣ್ಣಿನಲ್ಲಿ ಏನೋ ಗೀಚುತ್ತ ನನ್ನ ಕಡೆ ನೋಡುತ್ತಿದ್ದರು. ಯಾರ ಅಡ್ಡಿಯೂ ಇಲ್ಲದೆ ಅವರ ಜೊತೆ ಇಡೀ ದಿನ ಕಳೆದದ್ದು ಅಂದರೆ ಬಹುಶಃ ಅದೊಂದೇ.

ಕೊನೆಯ ಸಲ ಅವರನ್ನು ಹಿಮದ ಬೆಟ್ಟಕ್ಕೆ ಹಾಕಿದ್ದರು. ಫೋನು ಅಪರೂಪಕ್ಕೆ ಬರುತ್ತಿತ್ತು. ಮಾತು ಹೋಗಿ ಮುಟ್ಟಿ ತಿರುಗಿ ಬರುವಷ್ಟರಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿಬಿಡುತ್ತಿದ್ದೆವು. ಹಿಮ ಹೇಗಿರುತ್ತದೆ ಎಂದು ಕೇಳಿದ್ದಕ್ಕೆ, ಆದೋನಿ ಮಾರ್ಕೆಟ್ ಯಾರ್ಡಿನಲ್ಲಿ ಸುಗ್ಗಿಯಲ್ಲಿ ಹತ್ತಿ ಸುರಿದಿರುತ್ತಾರಲ್ಲ, ಭೂಮಿ ಕಾಣದ ಹಾಗೆ, ಅದಕ್ಕೆ ಕೊನೆಯೇ ಇಲ್ಲ ಅಂದುಕೋ ಅಂದರು. ಮಗಳು ಆಗ ಅಂಬೆಗಾಲಿಕ್ಕುತ್ತಿದ್ದಳು. ಫೋನನ್ನು ಅವಳ ಕಿವಿಗೆ ಹಿಡಿದೆ. ಅವಳು ಅದನ್ನು ನೆಕ್ಕಿದಳು.

ಸುದ್ದಿ ಮೊದಲು ಬಂದದ್ದು ಹವಾಲ್ದಾರ್ ಮಾಮನಿಗೆ. ಇವರು ಅತ್ತೆಗೆ ದೂರದ ತಮ್ಮನಾಗಬೇಕು. ಸೈನ್ಯದಿಂದ ನಿವೃತ್ತಿಯಾಗಿ ಬಂದು ಊರಲ್ಲಿ ಹೊಲ ಮಾಡಿಕೊಂಡಿದ್ದರು. ನಮ್ಮವರಿಗೆ ಸೈನ್ಯದ ಆಸೆ ಹಚ್ಚಿದವರೂ ಅವರೇ. ನಾನು ಅಂಗಳದಲ್ಲಿ ಮಗಳಿಗೆ ನೀರು ಹಾಕುತ್ತಿದ್ದೆ. ಮಾಮ ಬಾಗಿಲಲ್ಲಿ ನಿಂತು, ಅಕ್ಕ ಎಲ್ಲಿ ಎಂದು ಕೇಳಿದರು. ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದಾಳೆ ಅಂದೆ. ಮಗುವಿನ ಮೈ ಒರೆಸಿ ಬಾರವ್ವ ಅಂದರು. ಆ ದನಿಯಲ್ಲೇ ನನಗೆ ಅರ್ಧ ತಿಳಿಯಿತು.

ಹಿಮ ಕುಸಿದಿತ್ತು. ಗಸ್ತು ಹೋದ ತಂಡದಲ್ಲಿ ಕೆಲವರ ದೇಹ ಸಿಕ್ಕಿತ್ತು. ಒಬ್ಬ ಜೀವಂತ ಸಿಕ್ಕು ಆಸ್ಪತ್ರೆಯಲ್ಲಿದ್ದ. ನಮ್ಮವರು ಸಿಗಲಿಲ್ಲ. ಹುಡುಕುತ್ತಿದ್ದೇವೆ ಎಂದು ಫೋನು ಬರುತ್ತಿತ್ತು. ಆಮೇಲೆ ಹವೆ ಕೆಟ್ಟಿದೆ ಎಂದು ಬಂತು. ಆಮೇಲೆ ಹುಡುಕುವುದನ್ನು ನಿಲ್ಲಿಸಿದ್ದಾರೆ ಎಂದು ತಿಳಿಯಿತು. ಕೆಲವು ವಾರಗಳ ನಂತರ ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದ. ಜೊತೆಗೆ ಅವರ ಕಪ್ಪು ಟ್ರಂಕು ಇತ್ತು. ಆತ ಹಿಂದಿಯಲ್ಲಿ ಹೇಳಿದ್ದನ್ನು ಮಾಮ ಕನ್ನಡಕ್ಕೆ ಹೇಳುತ್ತ ಹೋದರು. ದೇಶ ನಿಮಗೆ ಋಣಿ ಎಂದೆಲ್ಲ ಆತ ಹೇಳಿದ. ಅತ್ತೆ ಒಂದೇ ಮಾತು ಕೇಳಿದಳು.

“ಈ ಸಾಹೇಬ್ರು ನನ್ನ ಮಗನ್ನ ಕಣ್ಣಿಂದ ಕಂಡಾರೇನು ಕೇಳು.”

ನಾನು ಅಲ್ಲಿರಲಿಲ್ಲ ತಾಯಿ ಅಂದ ಅಧಿಕಾರಿ. ಜೊತೆಗಿದ್ದವನು ಆಸ್ಪತ್ರೆಯಲ್ಲಿದ್ದಾನೆ, ಇನ್ನೂ ಮಾತಾಡುವ ಸ್ಥಿತಿಯಲ್ಲಿಲ್ಲ ಅಂದ. ಅತ್ತೆ ಎದ್ದು ಒಳಗೆ ಹೋಗಿ ಆತನಿಗೆ ಮಜ್ಜಿಗೆ ತಂದುಕೊಟ್ಟಳು. ದೂರದಿಂದ ಬಂದಿದ್ದೀಯಪ್ಪ, ಕುಡಿ ಅಂದಳು. ಅಷ್ಟೇ.

ಮರುದಿನ ಓಣಿಯ ಹೆಂಗಸರು ಬಂದರು. ಅವರಲ್ಲಿ ಹಿರಿಯಳೊಬ್ಬಳು ನನ್ನ ಕೈ ಹಿಡಿದು ಅಂಗಳಕ್ಕೆ ಕರೆದಳು. ಬಳೆ ತೆಗೆಸುವ ಶಾಸ್ತ್ರಕ್ಕೆ ಬಂದಿದ್ದಾರೆ ಎಂದು ನನಗೆ ಗೊತ್ತಾಯಿತು. ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

ಆಕೆಗೆ ಅದು ಹೊಸದಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ, ಮಳೆ ಹೋದ ಒಂದು ವರ್ಷ, ಮಾವ ಕುರಿ ಹೊಡೆದುಕೊಂಡು ಚಿಪ್ಪಗಿರಿ ಕಡೆ ಹೋದವರು ಇನ್ನೂ ಮುಂದೆ, ಮೇವು ಕಂಡ ಕಡೆ ನಡೆದುಬಿಟ್ಟಿದ್ದರು. ತಿಂಗಳುಗಟ್ಟಲೆ ಸುದ್ದಿಯಿಲ್ಲ. ದಾರಿಯಲ್ಲಿ ವಾಂತಿಭೇದಿಯಾಗಿ ಸತ್ತರು ಎಂದು ಯಾರೋ ಬಂದು ಹೇಳಿದರು. ಅಂದೂ ಹೀಗೆಯೇ ಹೆಂಗಸರು ಬಂದಿದ್ದರು. ಅತ್ತೆ ಅಂದೂ ಒಪ್ಪಿರಲಿಲ್ಲ. ಮುಂಗಾರು ಬಿದ್ದ ಮೇಲೆ, ಅರ್ಧ ಹಿಂಡಿನೊಡನೆ, ಗುರುತು ಸಿಗದಷ್ಟು ಬಡಕಲಾಗಿ ಮಾವ ನಡೆದು ಬಂದಿದ್ದರು. ನನಗಾಗಿ ಬಂದ ಹೆಂಗಸರಿಗೆ ಬಾಗಿಲಲ್ಲಿ ನಿಂತು ಅತ್ತೆ ಅದನ್ನೇ ಹೇಳಿದಳು.

“ಅವತ್ತ ನಿಮ್ಮ ಮಾತು ಕೇಳಿ ನಾ ಬಳಿ ಒಡಕೊಂಡಿದ್ರ, ಆಮ್ಯಾಲ ಈ ಮಗ ಹುಟ್ತಿದ್ದೇನು? ಕುರಿ ತಪ್ಪಿಸಿಕೊಂಡ್ರ ಸತ್ತೈತಿ ಅನ್ನಂಗಿಲ್ಲ ನಾವು. ತೊಗಲರ ಕಾಣಬೇಕು. ಹೋಗ್ರಿ.”

ಹೆಂಗಸರು ಹೋದರು. ಅಂದಿನಿಂದ ದಿನಾ ಬೆಳಿಗ್ಗೆ ನಾನು ಮುಖ ತೊಳೆದು ಬಂದ ಕೂಡಲೇ ಅತ್ತೆ ಕುಂಕುಮದ ಭರಣಿ ಹಿಡಿದು ಬರುತ್ತಿದ್ದಳು. ಹೆಬ್ಬೆರಳಿನಿಂದ ನನ್ನ ಹಣೆಗೆ ತಾನೇ ಒತ್ತುತ್ತಿದ್ದಳು. ಹಬ್ಬಕ್ಕೆ ಬಳೆಗಾರನನ್ನು ಮನೆಗೇ ಕರೆಸಿ ಹಸಿರು ಬಳೆ ತೊಡಿಸುತ್ತಿದ್ದಳು.

ಮೊದಮೊದಲು ನನಗೆ ಅದರಿಂದ ಧೈರ್ಯ ಬರುತ್ತಿತ್ತು. ಆಕೆಯ ಹೆಬ್ಬೆರಳು ಹಣೆಗೆ ತಾಕಿದಾಗ, ಎಲ್ಲೋ ಒಂದು ಕಡೆ, ಯಾವುದೋ ಬೆಟ್ಟದ ಹಳ್ಳಿಯಲ್ಲಿ, ನೆನಪು ತಪ್ಪಿದ ಒಬ್ಬ ಮನುಷ್ಯ ಚಳಿ ಕಾಯಿಸುತ್ತ ಕೂತಿರಬಹುದು ಅನಿಸುತ್ತಿತ್ತು. ಸೈನ್ಯದಿಂದ ಕಾಗದ ಬಂತು. ಕಾಗದದಲ್ಲಿ ಅವರು ಇಲ್ಲ ಎಂದಿತ್ತು. ಅದನ್ನು ನಾನು ಓದಿ ಹೇಳಿದರೆ, ಕಾಗದಕ್ಕೆ ಕಣ್ಣಿದೆಯೇ ಎಂದು ಅತ್ತೆ ಕೇಳಿದಳು. ಆಸ್ಪತ್ರೆಯಲ್ಲಿದ್ದ ಆ ಹುಡುಗ ಬಂದು ಹೇಳಲಿ, ಆಮೇಲೆ ನೋಡೋಣ ಎನ್ನುತ್ತಿದ್ದಳು. ಆ ಹುಡುಗ ಬರಲಿಲ್ಲ.

ವರ್ಷಗಳು ಕಳೆದ ಹಾಗೆ ನನ್ನ ಕಷ್ಟ ಬೇರೆಯಾಯಿತು. ನಾನು ಟೀಚರ್ ಟ್ರೇನಿಂಗ್ ಮಾಡಿ, ಊರಿನ ಕನ್ನಡ ಮಾಧ್ಯಮದ ಶಾಲೆಗೇ ಬಂದೆ. ಮದುವೆ ಮನೆಗಳಲ್ಲಿ ಕೆಲವರು ನನಗೆ ಅರಿಶಿನ ಕುಂಕುಮ ಕೊಡುತ್ತಿದ್ದರು. ಕೆಲವರು ನನ್ನ ಸರದಿ ಬಂದಾಗ ತಟ್ಟೆ ಹಿಡಿದುಕೊಂಡು ಒಂದು ಗಳಿಗೆ ನಿಂತು, ಯಾರನ್ನೋ ಕರೆದ ಹಾಗೆ ಮಾಡಿ ಆ ಕಡೆ ಹೋಗುತ್ತಿದ್ದರು. ಅವರದ್ದೂ ತಪ್ಪೇನಿಲ್ಲ. ನಾನು ಯಾರು ಎಂದು ನನಗೇ ತಿಳಿದಿರಲಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಅಳಲು ಜಾಗವಿಲ್ಲದ್ದು. ಮನೆಯಲ್ಲಿ ಕಣ್ಣು ಒದ್ದೆಯಾದರೆ ಸಾಕು, ಇರುವವನಿಗಾಗಿ ಅತ್ತರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅತ್ತೆ ಗದರುತ್ತಿದ್ದಳು. ನಾನು ಅಳುತ್ತಿದ್ದದ್ದು ಆದೋನಿ ಬಸ್ಸಿನಲ್ಲಿ. ಕಿಟಕಿಯ ಪಕ್ಕ ಕೂತು ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡರೆ, ಧೂಳು ಬಿದ್ದಿರಬೇಕು ಎಂದುಕೊಂಡು ಯಾರೂ ಕೇಳುತ್ತಿರಲಿಲ್ಲ. ಸುಗ್ಗಿಯಲ್ಲಿ ಬಸ್ಸು ಮಾರ್ಕೆಟ್ ಯಾರ್ಡಿನ ಮುಂದೆ ಹಾದುಹೋಗುವಾಗ ನಾನು ಕಣ್ಣು ಮುಚ್ಚುತ್ತಿದ್ದೆ.

ಮಗಳು ಹೈಸ್ಕೂಲಿಗೆ ಬಂದ ವರ್ಷ, ಬಾಂಗ್ಲಾ ಯುದ್ಧಕ್ಕೆ ಹೋಗಿ ಬಂದಿದ್ದ ಅಜ್ಜನೊಬ್ಬ ತೀರಿಕೊಂಡ. ಕೊನೆಗಾಲದಲ್ಲಿ ಆತ ಬೇವಿನ ಮರದ ಕೆಳಗೆ ಕೂತು ಕೆಮ್ಮುತ್ತಿದ್ದ. ನಮ್ಮ ಶಾಲೆಯ ಮಕ್ಕಳಿಗೆ ಆತ ಕೆಮ್ಮಿನ ತಾತ ಅಷ್ಟೇ. ಮಣ್ಣು ಮಾಡುವಾಗ ಹವಾಲ್ದಾರ್ ಮಾಮ ಒಬ್ಬರೇ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಸುತ್ತ ನಿಂತಿದ್ದ ಕೆಲವು ಹುಡುಗರು ಅದನ್ನು ಕಂಡು ನಕ್ಕರು. ಆ ನಗು ಮಾಮನನ್ನು ಬಹಳ ಕಾಡಿತು. ಊರಿನ ಹಿರಿಯರನ್ನು ಕೂಡಿಸಿ, ಒಂದು ಕಲ್ಲು ನಿಲ್ಲಿಸೋಣ, ಹೋದವರ ಹೆಸರೆಲ್ಲ ಬರೆಸೋಣ ಎಂದರು. ಹತ್ತಿ ವ್ಯಾಪಾರದ ಮನೆಯವರು ಕಲ್ಲು ಕೊಡಿಸುತ್ತೇವೆ ಅಂದರು. ಉಳಿದವರು ಕಟ್ಟೆ ಕಟ್ಟಲು ಆಳಾಗಿ ಬಂದರು.

ಹೆಸರು ಕೆತ್ತುವ ಮೊದಲು ಮಾಮ ನಮ್ಮ ಮನೆಗೆ ಬಂದರು. ಅತ್ತೆ ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

“ಅಕ್ಕಾ, ಕಲ್ಲಿನ ಮ್ಯಾಲ ಮೊದ್ಲನೇ ಹೆಸ್ರು ನಿನ್ನ ಮಗಂದು ಬರಬೇಕು. ನಮ್ಮೂರಾಗ ಗಡಿಯಾಗ ಪ್ರಾಣ ಕೊಟ್ಟಾವ ಅವ ಒಬ್ಬನಾ.”

“ಪ್ರಾಣ ಕೊಟ್ಟಿದ್ದ ಯಾರು ಕಂಡಾರ?” ಅತ್ತೆ ತಲೆಯೆತ್ತಲಿಲ್ಲ.

ಮಾಮ ಮೆತ್ತಗೆ ಹೇಳಿದರು, ಈ ಕಲ್ಲು ಸತ್ತವರಿಗಷ್ಟೇ ಅಲ್ಲ, ಹೋಗಿ ಬಂದವರ ಹೆಸರೂ ಇರುತ್ತದೆ ಎಂದು. “ನನ್ನ ಹೆಸ್ರೂ ಬರಸ್ತೀನಿ. ನಾ ಬದುಕಿಲ್ಲೇನು?”

ಅತ್ತೆ ಮೊರ ಕೆಳಗಿಟ್ಟಳು.

“ನೀ ಬಂದಿಯಪ್ಪಾ.”

ಮಾಮ ಎದ್ದರು. ಹೋಗುವಾಗ ನನ್ನ ಕಡೆ ನೋಡಿದರು. ನಾನು ಹೂಂ ಅನ್ನಬಹುದಿತ್ತು, ಹೆಂಡತಿಯ ಮಾತಿಗೂ ಬೆಲೆಯಿತ್ತು. ಅನ್ನದೆ ಅಡಿಗೆಮನೆಯೊಳಗೆ ಹೋದೆ.

ಕಲ್ಲನ್ನು ಆಗಸ್ಟ್ ಹದಿನೈದರ ಜೆಂಡಾ ಹಬ್ಬದ ದಿನ ತೆರೆದರು. ಆದೋನಿಯಿಂದ ಅಧಿಕಾರಿಗಳು ಬಂದಿದ್ದರು. ನನ್ನ ಶಾಲೆಯ ಮಕ್ಕಳು ಹಾಡಿದರು. ಕಾರ್ಯಕ್ರಮ ಮುಗಿದು ಜನ ಚದುರುವಾಗ ಅತ್ತೆ ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಆಕೆಗೆ ಓದಲು ಬಾರದು. ಅಕ್ಷರಗಳ ಮೇಲೆಲ್ಲ ಕೈಯಾಡಿಸಿ, ಅಲ್ಲಿದ್ದ ಮಕ್ಕಳಿಂದ ಒಂದೊಂದೇ ಹೆಸರು ಓದಿಸಿದಳು. ಒಬ್ಬರು ಓದಿದ್ದು ಸಾಲದೆಂದು ಇನ್ನೊಬ್ಬರಿಂದ ಓದಿಸಿದಳು. ಮಗನ ಹೆಸರು ಇಲ್ಲ ಎಂದು ಖಾತ್ರಿಯಾದ ಮೇಲೆ, ಒಳ್ಳೇದಾತು ಅಂದು ಮನೆಯ ಕಡೆ ನಡೆದಳು. ನಾನು ಮಕ್ಕಳಿಗೆ ಮಿಠಾಯಿ ಹಂಚುತ್ತಿದ್ದೆ. ತಟ್ಟೆಯನ್ನು ಮಗಳಿಗೆ ಕೊಟ್ಟು ಕಲ್ಲಿನ ಕಡೆ ತಿರುಗಿದೆ. ಸೈನ್ಯಕ್ಕೆ ಹೋದ ಎಲ್ಲರಿಗೂ ಅಲ್ಲೊಂದು ಜಾಗವಿತ್ತು. ನಮ್ಮವರಿಗೆ ಇರಲಿಲ್ಲ.

ಆ ಸಂಜೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ ಅತ್ತೆಗೆ ಎದುರಾಡಿದೆ.

“ಅತ್ತಿ, ಹೆಸ್ರು ಬ್ಯಾಡಂದ್ರ ಬ್ಯಾಡ್ರಿ. ನನಗ ಅಳಾಕರ ಬಿಡ್ರಿ.”

ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ಎದ್ದು ಬಂದು ಒಲೆಯ ಮುಂದೆ, ನನ್ನ ಪಕ್ಕ ಕೂತಳು. ಹಂಚಿನ ಮೇಲಿದ್ದ ರೊಟ್ಟಿ ಸೀಯುತ್ತಿತ್ತು. ಅದನ್ನು ತೆಗೆದಿಟ್ಟಳು.

“ನನಗ ಗೊತ್ತಿಲ್ಲ ಅನ್ಕೊಂಡೀಯೇನವ್ವ? ಅಷ್ಟು ಥಂಡ್ಯಾಗ ಯಾರು ಉಳೀತಾರ? ನನಗೂ ಗೊತ್ತೈತಿ. ಎಲ್ಲರೂ ಅವ ಹೋದ ಅಂದುಬಿಟ್ರ, ಅವನ್ನ ಕಾಯೋರು ಯಾರದಾರ? ಹಡದಾಕಿ ನಾನರ ಕಾಯಬೇಕಲ್ಲ.”

ನಾನು ಆಕೆಯ ತೊಡೆಯ ಮೇಲೆ ತಲೆಯಿಟ್ಟೆ. ಆಕೆಯ ಸೀರೆಯಲ್ಲಿ ಕುರಿಯ, ಹೊಗೆಯ ವಾಸನೆಯಿತ್ತು. ಇಬ್ಬರೂ ಸದ್ದಿಲ್ಲದೆ ಅತ್ತೆವು. ಮಗಳು ಬಾಗಿಲ ತನಕ ಬಂದು, ನಮ್ಮನ್ನು ನೋಡಿ, ಹಾಗೆಯೇ ಹಿಂದೆ ಸರಿದಳು.

ಮರುದಿನ ಬೆಳಿಗ್ಗೆ ಅತ್ತೆ ಎಂದಿನಂತೆ ಭರಣಿ ಹಿಡಿದು ಬಂದಳು. ಹಣೆಗೆ ಇಡಲಿಲ್ಲ. ಭರಣಿಯನ್ನು ನನ್ನ ಅಂಗೈಯಲ್ಲಿ ಇಟ್ಟು, ಇನ್ನು ನೀನೇ ನೋಡಿಕೋ ಅಂದು ಕುರಿಹಟ್ಟಿಯ ಕಡೆ ಹೋದಳು. ನಾನು ಬಹಳ ಹೊತ್ತು ಅದನ್ನು ಹಿಡಿದು ನಿಂತಿದ್ದೆ. ಹಣೆಯನ್ನು ಹಾಗೆಯೇ ಬಿಟ್ಟಿದ್ದರೆ ಆಕೆ ಒಂದು ಮಾತೂ ಆಡುತ್ತಿರಲಿಲ್ಲ. ಕಟ್ಟಕಡೆಗೆ ನಾನೇ ಬೆರಳದ್ದಿ ಇಟ್ಟುಕೊಂಡೆ. ಆಕೆ ಇರುವ ತನಕ ಇಟ್ಟುಕೊಂಡೆ. ಅದು ಗಂಡನಿಗಾಗಿ ಇಟ್ಟುಕೊಂಡದ್ದಲ್ಲ, ಆಕೆಗಾಗಿ.

ಆಕೆ ಆಮೇಲೆ ಹೆಚ್ಚು ಕಾಲ ಬದುಕಲಿಲ್ಲ. ಚಳಿಗಾಲದಲ್ಲಿ ಎದೆ ಕಟ್ಟಿತು. ಆದೋನಿಯ ಆಸ್ಪತ್ರೆಗೆ ಕರೆದೊಯ್ದರೆ, ಮನೆಗೆ ಬೀಗ ಹಾಕಿ ಬಂದಿದ್ದೇವೆ, ಅವನು ಬಂದರೆ ಏನು ಮಾಡುತ್ತಾನೆ ಎಂದು ಒಂದೇ ಸಮನೆ ಕೇಳುತ್ತಿದ್ದಳು. ಮಗಳನ್ನು ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದು ಸುಳ್ಳು ಹೇಳಿದೆ. ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಆಗಲೇ ಕಣ್ಣು ಮಂಜಾಗಿದ್ದ ಅತ್ತೆಗೆ ಅದು ಕಾಣಲಿಲ್ಲ. ಊರಿಗೆ ತಂದ ಮೂರನೇ ದಿನಕ್ಕೆ ಹೋದಳು. ಹೊಲದ ಬದುವಿನಲ್ಲಿ, ಮಾವನ ಪಕ್ಕ ಮಣ್ಣು ಮಾಡಿದೆವು.

ಇನ್ನು ಅಡ್ಡಿ ಹೇಳುವವರು ಇರಲಿಲ್ಲ. ದಿನ ಕರ್ಮ ಮುಗಿದ ಮೇಲೆ ಮಾಮ ಬಂದು, ಏನು ಮಾಡೋಣವ್ವ ಎಂದು ಕೇಳಿದರು. ಇಷ್ಟು ವರ್ಷ ನಾನು ಕಾದಿದ್ದೇ ಆ ಮಾತಿಗೆ. ಆದರೆ ಒಪ್ಪಿಗೆ ಕೊಡಲು ಆಗಲಿಲ್ಲ. ಆಕೆಯನ್ನು ಮಣ್ಣು ಮಾಡಿದ ಕೈಯಿಂದಲೇ ಆಕೆಯ ಮಾತನ್ನೂ ಮಣ್ಣು ಮಾಡಿದ ಹಾಗೆ ಅನಿಸಿತು. ಇನ್ನಷ್ಟು ದಿನ ಹೋಗಲಿ ಮಾಮ ಅಂದೆ. ಮಗಳು ಕರ್ನೂಲಿಗೆ ನರ್ಸಿಂಗ್ ಓದಲು ಹೋದಳು. ರಜೆಗೆ ಬಂದಾಗಲೆಲ್ಲ ಕಲ್ಲಿನ ಮುಂದೆ ನಿಂತು ನೋಡಿ ಮನೆಗೆ ಬರುತ್ತಿದ್ದಳು. ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಕಳೆದ ವರ್ಷ ಮಳೆಗಾಲ ಶುರುವಾಗುವ ಮುಂಚೆ, ಒಂದು ಬೆಳಿಗ್ಗೆ, ಅಪರಿಚಿತನೊಬ್ಬ ಆಟೋ ಇಳಿದು ಕಲ್ಲಿನ ಹೆಸರುಗಳನ್ನು ತನ್ನ ಫೋನಿನಲ್ಲಿ ಫೋಟೋ ತೆಗೆದು, ತೆಲುಗು ಬಾರದೆ ಚಹಾದ ಅಂಗಡಿಯವನಿಂದ ಓದಿಸಿದನಂತೆ. ತಾನು ಹುಡುಕುತ್ತಿದ್ದ ಹೆಸರು ಇಲ್ಲ ಎಂದು ತಿಳಿದಾಗ ಸಿಟ್ಟಿಗೆದ್ದು, ಎಂಥ ಊರು ನಿಮ್ಮದು, ಸತ್ತವನನ್ನು ಮರೆತಿದ್ದೀರಿ ಎಂದು ಕೂಗಾಡಿದನಂತೆ. ಅಂಗಡಿಯವನು ಹವಾಲ್ದಾರ್ ಮಾಮನನ್ನು ಕರೆಸಿದ. ಮಾಮ ಆತನನ್ನು ನಮ್ಮ ಮನೆಗೆ ಕರೆತಂದರು.

ಶಾಲೆಗೆ ಬೇಸಿಗೆ ರಜೆಯಿತ್ತು. ನಾನು ಮನೆಯಲ್ಲೇ ಇದ್ದೆ. ಬಂದವನು ಬೆಳಗಾವಿ ಕಡೆಯವನು. ವಯಸ್ಸು ನಲವತ್ತು ದಾಟಿತ್ತು. ಕೈಮುಗಿದಾಗ ಕಂಡಿತು, ಬಲಗೈಯ ಬೆರಳುಗಳು ಅರ್ಧಕ್ಕೇ ಮುಗಿದಿದ್ದವು. ಆಸ್ಪತ್ರೆಯಲ್ಲಿದ್ದ ಆ ಹುಡುಗ ಇವನೇ ಎಂದು ಯಾರೂ ಹೇಳಬೇಕಾಗಲಿಲ್ಲ.

ಆತ ಮೊದಲು ಅವ್ವ ಎಲ್ಲಿ ಎಂದು ಕೇಳಿದ. ಹೋದಳು ಅಂದೆ. ಗೋಡೆಗೆ ಆನಿಸಿಕೊಂಡು ಕೂತುಬಿಟ್ಟ. ನೀರು ಕೊಟ್ಟೆ, ಕುಡಿಯಲಿಲ್ಲ. ತಾನಾಗಿಯೇ ಹೇಳಲು ಶುರುಮಾಡಿದ. ನಮ್ಮವರು ಆತನಿಗೆ ಅಲ್ಲಿ ಅಣ್ಣನ ಹಾಗೆ ಇದ್ದರಂತೆ. ಕನ್ನಡ ಮಾತಾಡುವವರು ಆ ತಂಡದಲ್ಲಿ ಇವರಿಬ್ಬರೇ. ನಾನು ಕಳಿಸಿದ ಗುರೆಳ್ಳು ಪುಡಿಯನ್ನು ಇಬ್ಬರೂ ಬರೀ ಬಾಯಿಗೆ ಹಾಕಿಕೊಂಡು ತಿನ್ನುತ್ತಿದ್ದರಂತೆ. ಅಂದು ಗಸ್ತಿಗೆ ಹೊರಟಾಗ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದರು. ಮುಂದೆ ನಮ್ಮವರು, ಹಿಂದೆ ಈತ. ಹಿಮ ಬಂದು ಬಡಿದಾಗ ನಮ್ಮವರು ಒಂದು ದೊಡ್ಡ ಬಿರುಕಿನೊಳಗೆ ಬಿದ್ದರು. ಈತ ಅಂಚಿನಲ್ಲಿ ಹಗ್ಗ ಹಿಡಿದು ಉಳಿದ. ಕರೆದ. ಕರೆದೇ ಕರೆದ.

ಅತ್ತೆ ಕೇಳಲು ಕಾದಿದ್ದ ಮಾತನ್ನು ನಾನು ಕೇಳಿದೆ. “ನೀವು ಕಣ್ಣಿಂದ ನೋಡಿರೇನಣ್ಣ?”

“ನೋಡೀನ್ರಿ ಅಕ್ಕಾರ. ತಲಿ ಹಿಮದ ಗ್ವಾಡಿಗೆ ಬಡಿದಿತ್ತು. ಮಾರಿ ಮ್ಯಾಲ ಮಾಡಿಕೊಂಡು ತೂಗ್ತಿದ್ರು. ಕಣ್ಣು ತೆರೆದಿದ್ವು, ನೋಡ್ತಿದ್ದಿಲ್ಲ.”

ಆಮೇಲೆ ಎರಡನೇ ಸಲ ಹಿಮ ಬಂತು. ಬಿರುಕು ಮುಚ್ಚಿಹೋಯಿತು. ಹಗ್ಗ ಕಿತ್ತಿತು. ಈತ ಬರಿಗೈಯಿಂದ ತೋಡಿದ. ಬೇರೆಯವರು ಬಂದು ಎತ್ತಿಕೊಂಡು ಹೋಗುವ ತನಕ ತೋಡಿದ.

ಒಂದು ಸಲ ಆದೋನಿ ಸ್ಟೇಷನ್ನಿನ ತನಕ ಬಂದಿದ್ದೆ ಎಂದು ಹೇಳಿದ. ಅದು ಅತ್ತೆ ಇನ್ನೂ ಗಟ್ಟಿಯಾಗಿದ್ದ ಕಾಲ. ಬೆಂಚಿನ ಮೇಲೆ ಕೂತು, ಸಂಜೆಯ ಗಾಡಿಗೆ ತಿರುಗಿ ಹೋಗಿದ್ದ.

“ಅವ್ವನ ಮುಂದ ನಿಂತು ಏನಂತ ಹೇಳ್ಲಿ? ಹಗ್ಗ ನನ್ನ ಕೈಯಾಗಿತ್ತು.”

ನನಗೆ ಆತನ ಮೇಲೆ ಸಿಟ್ಟು ಬರಬೇಕಿತ್ತೇನೋ. ಅಂದು ಆತ ಆಟೋ ಹತ್ತಿ ಬಂದಿದ್ದರೆ ಒಬ್ಬ ಮುದುಕಿಗೆ, ನನಗೆ, ಅಷ್ಟು ವರ್ಷಗಳು ಬೇರೆ ಥರ ಕಳೆಯುತ್ತಿದ್ದವು. ಅತ್ತೆ ಆತನ ಮಾತು ನಂಬುತ್ತಿದ್ದಳೋ ಇಲ್ಲವೋ, ಅದೂ ನನಗೆ ತಿಳಿಯದು. ಆ ಬೆರಳುಗಳನ್ನು ನೋಡಿ ಮೊದಲು ಊಟಕ್ಕೆ ಕೂಡಿಸುತ್ತಿದ್ದಳು, ಅಷ್ಟು ಗೊತ್ತು. ನಾನೂ ಹಾಗೆಯೇ ಮಾಡಿದೆ. ರೊಟ್ಟಿ, ಬೇಳೆ, ಮೊಸರು ಬಡಿಸಿದೆ. ಆತ ರೊಟ್ಟಿಯನ್ನು ಅಂಗೈ ಮತ್ತು ಹೆಬ್ಬೆರಳಿನ ನಡುವೆ ಹಿಡಿದು ಮುರಿಯುತ್ತಿದ್ದ. ಮಾಮ ಬೇರೆ ಕಡೆ ನೋಡುತ್ತ ಕೂತರು.

ಊಟವಾದ ಮೇಲೆ, ಅವ್ವನ ಮಣ್ಣು ಎಲ್ಲಿದೆ ಎಂದು ಕೇಳಿದ. ಮೂವರೂ ಹೊಲಕ್ಕೆ ನಡೆದೆವು. ಬಿಸಿಲು ಜೋರಿತ್ತು, ನೆಲ ಬಿರಿದಿತ್ತು. ಆತ ಚಪ್ಪಲಿ ಬಿಟ್ಟು ಗುಡ್ಡೆಯ ಮುಂದೆ ಮಂಡಿಯೂರಿ, ನಮಗೆ ಹೇಳಿದ್ದನ್ನೆಲ್ಲ ಮೊದಲಿನಿಂದ ಮತ್ತೆ ಹೇಳಿದ. ಹಗ್ಗ, ಬಿರುಕು, ಕಣ್ಣು, ಒಂದನ್ನೂ ಬಿಡಲಿಲ್ಲ. ಆದೋನಿ ಸ್ಟೇಷನ್ನಿಗೆ ಬಂದು ತಿರುಗಿ ಹೋದದ್ದನ್ನೂ ಹೇಳಿದ. ಎದುರು ಕೂತವರಿಗೆ ಹೇಳುವ ಹಾಗೆಯೇ, ನಡುನಡುವೆ ಅವ್ವಾ ಎಂದು ನಿಲ್ಲಿಸಿ ಹೇಳಿದ. ನಾನು ಮಾಮನ ಪಕ್ಕ ನಿಂತು ಎರಡನೇ ಸಲ ಕೇಳಿದೆ. ಹೇಳಿ ಮುಗಿಸಿ ಆತ ಎದ್ದಾಗ ನಾನು ಮಾಮನಿಗೆ, ಕಲ್ಲು ಕೆತ್ತುವವನನ್ನು ಕರೆಸಿರಿ ಅಂದೆ.

ಮರುದಿನ ಬೆಳಿಗ್ಗೆ ಕೆತ್ತಲು ಬಂದವರು ಆದೋನಿಯ ಸಾಬರು. ಗೋರಿಯ ಕಲ್ಲು, ಗುಡಿಯ ದಾನಿಗಳ ಹೆಸರು, ಎಲ್ಲ ಕೆತ್ತುತ್ತಾರೆ. ಮೇಲಿನ ಹೆಸರುಗಳನ್ನು ಅವರೇ ತೆಲುಗಿನಲ್ಲಿ ಕೆತ್ತಿದ್ದರು. ನಾನು ಇದನ್ನು ಕನ್ನಡದಲ್ಲಿ ಮಾಡಿಕೊಡಿ ಅಂದೆ. ನಮ್ಮವರು ಕನ್ನಡದಲ್ಲೇ ಓದಿದವರು, ಸಹಿಯನ್ನೂ ಕನ್ನಡದಲ್ಲೇ ಹಾಕುತ್ತಿದ್ದರು. ಸಾಬರು ಒಪ್ಪಿದರು. ತಲೆಕಟ್ಟು ಬೇರೆ, ಉಳಿದದ್ದು ಹೆಚ್ಚು ಕಡಿಮೆ ಒಂದೇ, ನೀವೇ ಬರೆದುಕೊಟ್ಟರೆ ಅದರ ಮೇಲೆ ಉಳಿ ಇಡುತ್ತೇನೆ ಅಂದರು.

ಶಾಲೆಯಿಂದ ಸೀಮೆಸುಣ್ಣ ತಂದೆ. ಕಟ್ಟೆಯ ಮೇಲೆ ಕೂತು, ದಿನಾ ಕರಿ ಹಲಗೆಯ ಮೇಲೆ ಬರೆಯುವ ಹಾಗೆ ಕಲ್ಲಿನ ಮೇಲೆ ನನ್ನ ಗಂಡನ ಹೆಸರು ಬರೆದೆ. ಒಂದು ಅಕ್ಷರ ಸೊಟ್ಟಗಾಯಿತೆಂದು ಸೆರಗಿನಿಂದ ಒರೆಸಿ ಮತ್ತೆ ಬರೆದೆ. ಸಾಬರು ಉಳಿ ಕೈಗೆತ್ತಿಕೊಂಡು ಒಂದು ಮಾತು ಕೇಳಿದರು.

“ಒಕ್ಕಸಾರಿ, ಒಂದ ಸಲ ಓದಿ ಹೇಳಮ್ಮಾ. ಕೆತ್ತಿದ ಮ್ಯಾಲ ತಪ್ಪು ಅಂದ್ರ ತಿದ್ದಾಕ ಬರಂಗಿಲ್ಲ.”

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಕಾಗದಗಳ ಮೇಲೆ ಎಷ್ಟೋ ಸಲ ಬರೆದಿದ್ದೆ, ಬಾಯಿಂದ ಆಡಿರಲಿಲ್ಲ. ಅವರಿದ್ದಾಗ ಅವರನ್ನು ಕರೆಯಬೇಕಾದರೆ ಬಳೆ ಸದ್ದು ಮಾಡುತ್ತಿದ್ದೆ, ಇಲ್ಲವೆ ಕೇಳ್ರಿ ಅನ್ನುತ್ತಿದ್ದೆ. ಮಾಮ ನಾನು ಓದುತ್ತೇನೆ ಎಂದು ಮುಂದೆ ಬಂದರು. ಬೇಡ ಅಂದೆ. ಅಕ್ಷರಗಳ ಮೇಲೆ ಕಣ್ಣಿಟ್ಟು, ಮೆಲ್ಲಗೆ, ಅವರ ಹೆಸರನ್ನು ಪೂರ್ತಿ ಹೇಳಿದೆ. ಸಾಬರಿಗೆ ಕೇಳಿಸಲಿಲ್ಲವೆಂದು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ. ಅವರು ಉಳಿಗೆ ಮೊದಲ ಪೆಟ್ಟು ಹಾಕಿದರು.

ಬೆಳಗಾವಿಯ ಮನುಷ್ಯ ಕೆತ್ತನೆ ಮುಗಿಯುವ ತನಕ ಇದ್ದು, ಕಲ್ಲಿಗೆ ಸೆಲ್ಯೂಟ್ ಮಾಡಿ ಮಧ್ಯಾಹ್ನದ ಆಟೋ ಹತ್ತಿದ. ಕರ್ನೂಲಿನಿಂದ ಮಗಳು ಬಂದಳು. ಬ್ಯಾಗು ಹೆಗಲಿಗಿದ್ದ ಹಾಗೆಯೇ ಕೂತು, ಹೊಸ ಅಕ್ಷರಗಳೊಳಗಿನ ಪುಡಿಯನ್ನು ದುಪಟ್ಟದಿಂದ ಒರೆಸಿದಳು. ಅಪ್ಪನ ನೆನಪು ಅವಳಿಗೆ ಏನೂ ಇಲ್ಲ. ಅವಳು ಅತ್ತದ್ದು ನನ್ನನ್ನು ನೋಡಿ ಇರಬೇಕು.

ಇಬ್ಬರೂ ಮನೆಗೆ ಬಂದೆವು. ನಾನು ಪಡಸಾಲೆಯಲ್ಲಿ ಕೂತೆ. ಬಾಗಿಲು ಹಾಕಬೇಕು ಅನಿಸಲಿಲ್ಲ. ಆಮೇಲೆ ನನ್ನೊಳಗಿನಿಂದ ಬಂದ ದನಿ ನನ್ನದೇ ಎಂದು ನನಗೇ ಗುರುತು ಹತ್ತಲಿಲ್ಲ. ಅಷ್ಟು ಗಟ್ಟಿಯಾಗಿ ನಾನು ಅತ್ತುಬಿಟ್ಟೆ. ಓಣಿಯ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಒಬ್ಬೊಬ್ಬರಾಗಿ ಬಂದರು. ಹದಿನೇಳು ವರ್ಷದ ಹಿಂದೆ ಬಾಗಿಲಿಂದ ತಿರುಗಿ ಹೋಗಿದ್ದವರಲ್ಲಿ ಉಳಿದವರೂ ಬಂದರು. ಯಾರೂ ಸಮಾಧಾನ ಹೇಳಲಿಲ್ಲ. ಸತ್ತ ಮನೆಯಲ್ಲಿ ಕೂರುವ ಹಾಗೆ ಸುತ್ತ ಕೂತರು. ಒಬ್ಬಳು ಮಗಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. ಇನ್ನೊಬ್ಬಳು ನನ್ನ ಬೆನ್ನಿನ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. ಹೊತ್ತು ಮುಳುಗುವಾಗ ಪಕ್ಕದ ಮನೆಯಾಕೆ ಎದ್ದು ಹೋಗಿ, ತನ್ನ ಮನೆಯಲ್ಲಿ ಅನ್ನ ಸಾರು ಮಾಡಿ ತಂದಳು. ತುತ್ತು ಕಲಸಿ ನನ್ನ ಬಾಯಿಗೆ ತಾನೇ ಹಿಡಿದಳು.